ತಾಲೀಮಿನ ಮನೆಗೆ ವಾಯ್ಸ್ ರೆಕಾರ್ಡರ್: ಎಲ್ಲಿಡಬೇಕು, ಏನು ಒತ್ತಬೇಕು

ನಮ್ಮ ಗುಬ್ಬಿ ಸೀಮೆಯಲ್ಲಿ ರಾಗಿ ಕಣ ಮುಗೀತು ಅಂದ್ರೆ ನಾಟಕದ ಕಾಲ ಶುರು. ಸಂಕ್ರಾಂತಿ ಕಳೆದು ಜಾತ್ರೆಗಳೆಲ್ಲ ಮುಗಿಯೋವರೆಗೂ ನಿಟ್ಟೂರು, ಚೇಳೂರು, ಕಡಬದ ಕಡೆ ಒಂದಲ್ಲ ಒಂದೂರಲ್ಲಿ ರಾತ್ರಿ ತಾಲೀಮು ಇದ್ದೇ ಇರುತ್ತೆ. ನಾನು ಡ್ರಾಮಾ ಮೇಷ್ಟ್ರು. ಪೌರಾಣಿಕ ನಾಟಕ ಕಲಿಸೋದು, ಹಾರ್ಮೋನಿಯಂ ನುಡಿಸೋದು ನನ್ನ ಕಸುಬು. ನನ್ನ ದುರ್ಯೋಧನ ಹಗಲೆಲ್ಲ ತೆಂಗಿನಕಾಯಿ ಸುಲೀತಾನೆ, ಕೃಷ್ಣ ಬೆಸ್ಕಾಂ ಲೈನ್‌ಮನ್, ಶಕುನಿ ಹಾಲಿನ ಡೈರಿ ಸೆಕ್ರೆಟರಿ. ಸ್ವರ ಬರೆದುಕೊಟ್ಟರೆ ಓದೋರು ಯಾರೂ ಇಲ್ಲ. ಕಿವೀಲಿ ಕೇಳಿ ಬಾಯಲ್ಲಿ ಹೇಳಿಯೇ ಹಾಡು ಕೂರಬೇಕು.

ಹಿಂದೆ ಕಂಪನಿ ನಾಟಕದವರಿಗೆ ಈ ತಾಪತ್ರಯ ಇರಲಿಲ್ಲ. 1884ರಲ್ಲಿ ಇದೇ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಇರಲಿ, ಆಮೇಲೆ ಬಂದ ಬೇರೆ ಕಂಪನಿಗಳಿರಲಿ, ನಟರು ಮೇಷ್ಟ್ರ ಜೊತೆಯಲ್ಲೇ ಉಂಡು, ಮಲಗಿ, ಊರೂರು ತಿರುಗೋರು. ಹಾಡು ದಿನವಿಡೀ ಕಿವಿ ಮೇಲೆ ಬೀಳ್ತಿತ್ತು. ನಮ್ಮ ಹವ್ಯಾಸಿಗಳಿಗೆ ವಾರದಲ್ಲಿ ಎರಡು ಮೂರು ರಾತ್ರಿ ಸಿಕ್ಕರೆ ಹೆಚ್ಚು. ಉಳಿದ ದಿನ ಮೇಷ್ಟ್ರು ಅವರ ಜೇಬಲ್ಲಿರಬೇಕು, ಅಷ್ಟೇ. ಅದಕ್ಕೆ ನಾನು ಡಿಜಿಟಲ್ ರೆಕಾರ್ಡರ್ ಇಟ್ಟುಕೊಂಡಿರೋದು. ಬೇರೆ ಊರಿನ ಮೇಷ್ಟ್ರುಗಳು, ಭಜನೆ ತಂಡದೋರು, ಸೋಬಾನೆ ಪದ ಹಿಡಿದಿಡಬೇಕು ಅನ್ನೋ ಹುಡುಗರು ‘ಅದನ್ನ ಹೇಗೆ ಬಳಸ್ತೀರಿ’ ಅಂತ ಕೇಳ್ತಿರ್ತಾರೆ. ಎಲ್ಲರಿಗೂ ಸೇರಿಸಿ ಇಲ್ಲೇ ಬರೀತಿದ್ದೀನಿ.

ಫೋನ್ ಇಲ್ವಾ ಅಂದರೆ

ಫೋನಲ್ಲೂ ಆಗುತ್ತೆ. ಈಗಿನ ಫೋನುಗಳ ಮೈಕು ಕೆಟ್ಟದ್ದೇನಲ್ಲ. ತೊಂದರೆ ಇರೋದು ಬೇರೆ ಕಡೆ. ಆಲಾಪ ಮೇಲೇರೋ ಹೊತ್ತಿಗೆ ಸರಿಯಾಗಿ ಮನೆಯಿಂದ ಫೋನ್ ಬರುತ್ತೆ: ‘ತ್ರೀ ಫೇಸ್ ಬಂತು, ಮೋಟ್ರು ಹಾಕೋರು ಯಾರು?’ ಅಂತ. ಅಲ್ಲಿಗೆ ರೆಕಾರ್ಡಿಂಗ್ ನಿಂತುಹೋಗುತ್ತೆ. ಇನ್ನೊಂದು, ಫೋನನ್ನು ಮಾಡಿರೋದು ಮಾತಾಡೋಕೆ. ಎಷ್ಟೋ ಫೋನುಗಳಲ್ಲಿ ಗದ್ದಲ ಇಳಿಸೋ ಸಾಫ್ಟ್‌ವೇರ್ ಒಳಗೊಳಗೇ ಕೆಲಸ ಮಾಡ್ತಿರುತ್ತೆ. ಒಂದೇ ಸಮ ಎಳೆದ ಹಾರ್ಮೋನಿಯಂ ಶ್ರುತಿ ಅದರ ಪಾಲಿಗೆ ಫ್ಯಾನ್ ಸದ್ದಿನ ಲೆಕ್ಕ. ಅದುಮಿಬಿಡುತ್ತೆ. ಕೇಳೋವಾಗ ಶ್ರುತಿ ಒಮ್ಮೆ ಇದ್ದಂಗೆ, ಒಮ್ಮೆ ಇಲ್ಲದಂಗೆ. ಫೋನೇ ಗತಿ ಅನ್ನೋರು ಏರೋಪ್ಲೇನ್ ಮೋಡ್‌ಗೆ ಹಾಕಿ ಶುರು ಮಾಡಿ. ಮಿಕ್ಕಂತೆ, ಎಲ್ಲಿಡಬೇಕು ಅಂತ ಮುಂದೆ ಹೇಳೋದೆಲ್ಲ ಫೋನಿಗೂ ಸಲ್ಲುತ್ತೆ.

ರೆಕಾರ್ಡರ್‌ನಲ್ಲಿ ನನಗೆ ಹಿಡಿಸಿರೋದು ಅದರ ಗುಂಡಿ. ಕರೆಂಟ್ ಹೋದರೂ ಬೆರಳಿಗೆ ಸಿಗುತ್ತೆ, ಒತ್ತಿದ ಕೂಡಲೇ ಕೆಂಪು ದೀಪ. ಎಡಗೈಯಲ್ಲಿ ತಿದಿ ಒತ್ತುತ್ತಾ ಬಲಗೈಯಲ್ಲಿ ಸ್ವರದ ಮನೆ (ಕೀ) ಹಿಡಿದು ಕೂತೋನಿಗೆ ಸ್ಕ್ರೀನ್ ಮೇಲೆ ಬೆರಳಾಡಿಸ್ತಾ ಕೂರೋಕೆ ಪುರುಸೊತ್ತಿರಲ್ಲ.

ಯಾವುದು ತಗೋಬೇಕು

ಎರಡು ಜಾತಿ ಇವೆ. ಒಂದು ಮಾತು ಹಿಡಿಯೋಕೆ ಅಂತ ಮಾಡಿದ್ದು. ಸೋನಿ ಐಸಿಡಿ-ಪಿಎಕ್ಸ್470 ಥರದ್ದು. ಎರಡು ಎಎಎ ಸೆಲ್ಲು, ಒಳಗೆ 4 ಜಿಬಿ ಜಾಗ, ಬೇಕಿದ್ದರೆ ಮೆಮೊರಿ ಕಾರ್ಡು, ಬೆನ್ನಿನಿಂದ ಸರಿಸಿದರೆ ಯುಎಸ್‌ಬಿ ಮೂತಿ ಹೊರಗೆ ಬರುತ್ತೆ. ನೇರ ಕಂಪ್ಯೂಟರ್‌ಗೆ ಚುಚ್ಚೋದು. ಇನ್ನೊಂದು ಸಂಗೀತಕ್ಕೆ ಅಂತಲೇ ಮಾಡಿದ್ದು. ಜೂಮ್ ಎಚ್1ಎನ್, ಟಾಸ್ಕಾಂ ಡಿಆರ್-05ಎಕ್ಸ್ ಥರದವು. ನೆತ್ತಿ ಮೇಲೆ ಎರಡು ಮೈಕು, ದನಿ ಎಷ್ಟು ಒಳಗೆ ಬಿಡಬೇಕು ಅಂತ ನಾವೇ ಕೈಯಲ್ಲಿ ಏರಿಸಿ ಇಳಿಸೋ ಅನುಕೂಲ. ಬರೀ ಪಾರ್ಟು ಕಲಿಸೋಕೆ ಮೊದಲನೇದು ಧಾರಾಳ ಸಾಕು. ತಬಲಾ, ಹಾರ್ಮೋನಿಯಂ, ಹಾಡು ಮೂರನ್ನೂ ಸೇರಿಸಿ ಚೆನ್ನಾಗಿ ಹಿಡೀಬೇಕು, ಆಡೋ ರಾತ್ರಿಯದ್ದೂ ಬೇಕು ಅಂದರೆ ಎರಡನೇದಕ್ಕೆ ಹೋಗಿ. ಪೆನ್ ಡ್ರೈವ್ ಗಾತ್ರದ, ಹೆಸರೂರಿಲ್ಲದ ‘ಸ್ಪೈ ರೆಕಾರ್ಡರ್’ಗಳ ತಂಟೆಗೆ ಹೋಗಬೇಡಿ. ಮೈಕಿಗೆ ಸಾಸಿವೆಯಷ್ಟು ತೂತು, ಮೀಟರ್ ಇಲ್ಲ, ಏನು ಹಿಡೀತು ಅಂತ ಮನೆಗೆ ಹೋಗೋವರೆಗೂ ಗೊತ್ತಾಗಲ್ಲ. ಕೊಳ್ಳೋವಾಗ ಒಂದು ಮಾತ್ರ ಖಾತ್ರಿ ಮಾಡ್ಕೊಳ್ಳಿ: ರೆಕಾರ್ಡ್ ಆಗ್ತಿರೋವಾಗಲೇ ಇಯರ್‌ಫೋನಿನಲ್ಲಿ ಕೇಳೋಕೆ ಬರಬೇಕು.

ತಂದ ದಿನ ಮಾಡೋ ಕೆಲಸ

ಮೊದಲು ದಿನಾಂಕ, ಗಂಟೆ ಹಾಕಿ. ಬೇಸರದ ಕೆಲಸ, ಆದರೆ ಎಷ್ಟೋ ರೆಕಾರ್ಡರ್‌ಗಳು ಫೈಲಿಗೆ ಹೆಸರಿಡೋದೇ ಅದರ ಮೇಲೆ. ಹಾಕದಿದ್ದರೆ ಎಲ್ಲ ಹಾಡೂ ಯಾವುದೋ ಕಾಲದ ಜನವರಿ 1ರಂದು ಹುಟ್ಟಿರುತ್ತವೆ. ಸೆಲ್ ತೆಗೆದು ಬಹಳ ದಿನ ಇಟ್ಟಿದ್ದರೆ ಗಡಿಯಾರ ಮತ್ತೆ ಹಿಂದಕ್ಕೆ ಹೋಗಿರಬಹುದು, ಸೀಸನ್ ಶುರುವಿನಲ್ಲಿ ನೋಡಿಕೊಳ್ಳಿ. ಗುಂಡಿ ಒತ್ತಿದಾಗ ಪೀಂಕ್ ಅನ್ನೋ ಬೀಪ್ ಇರುತ್ತಲ್ಲ, ಅದನ್ನ ಮೆನುಗೆ ಹೋಗಿ ನಿಲ್ಲಿಸಿ.

ಆಮೇಲೆ ವಿಒಆರ್ ಅಂತ ಒಂದಿರುತ್ತೆ, ದನಿ ಬಂದಾಗ ತಾನೇ ಶುರುವಾಗಿ, ಸುಮ್ಮನಾದಾಗ ತಾನೇ ನಿಲ್ಲೋದು. ಇದನ್ನ ಕಡ್ಡಾಯವಾಗಿ ಆಫ್ ಮಾಡಿ. ದನಿ ಕೇಳಿಸಿಕೊಂಡು ಅದು ಏಳೋ ಹೊತ್ತಿಗೆ ಮೊದಲ ಅಕ್ಷರ ಹೋಗಿರುತ್ತೆ. ‘ಎಲವೋ ಭೀಮ’ ಹೋಗಿ ‘ಲವೋ ಭೀಮ’ ಆಗುತ್ತೆ. ಹಾಡಿನ ನಡುವಿನ ಬಿಡುವನ್ನೂ ನುಂಗಿಹಾಕುತ್ತೆ, ತಾಳವೇ ಸಿಗಲ್ಲ.

ಫಾರ್ಮ್ಯಾಟ್ ವಿಚಾರ. ಕಲಿಸೋ ಹಾಡುಗಳಿಗೆ ಎಂಪಿ3, 192 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಮಾಹಿತಿ ಬರೆಯುತ್ತೆ ಅನ್ನೋ ಲೆಕ್ಕ). ಗಂಟೆಗೆ ಸುಮಾರು 86 ಎಂಬಿ, ನಾಲ್ಕು ನಿಮಿಷದ ಹಾಡಿಗೆ ಹತ್ತಿರ ಹತ್ತಿರ 6 ಎಂಬಿ. ಸಲೀಸಾಗಿ ಕಳಿಸಬಹುದು. ಮುಂದಿನವರಿಗೂ ಉಳೀಬೇಕು ಅನ್ನೋದಿದ್ದರೆ, ಅಂದರೆ ವಯಸ್ಸಾದ ಭಾಗವತರ ಪದವೋ, ಅಜ್ಜಿಯ ಸೋಬಾನೆಯೋ ಆದರೆ, ವೇವ್‌ನಲ್ಲೇ, ಅಂದರೆ ದನಿಯನ್ನ ಹಿಂಡದೆ ಇದ್ದಂಗೇ ಇಡೋ ಫೈಲಿನಲ್ಲೇ ಮಾಡಿ. 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೋ ಅಂದರೆ ಗಂಟೆಗೆ 635 ಎಂಬಿ ಹತ್ತಿರ. ಎಂಪಿ3 ಕಿವಿಗೆ ಅಷ್ಟಾಗಿ ಗೊತ್ತಾಗದ್ದನ್ನೆಲ್ಲ ಬಿಸಾಕಿ ಗಾತ್ರ ಇಳಿಸುತ್ತೆ. ಬಿಸಾಕಿದ್ದು ಮತ್ತೆ ಬರಲ್ಲ. ವೇವ್‌ನಿಂದ ಎಂಪಿ3 ಯಾವಾಗ ಬೇಕಾದರೂ ಮಾಡ್ಕೋಬಹುದು. 48, 64 ಕೆಬಿಪಿಎಸ್ ಅಂತ ‘ಲಾಂಗ್ ಪ್ಲೇ’ ಇರುತ್ತಲ್ಲ, ಅದು ಮೀಟಿಂಗಿನ ಮಾತಿಗೆ ಸರಿ. ಹಾರ್ಮೋನಿಯಂ ಅದರಲ್ಲಿ ನೀರೊಳಗೆ ನುಡಿಸಿದಂಗಿರುತ್ತೆ.

ಇಡೋ ಜಾಗ

ಎಲ್ಲ ಸೆಟ್ಟಿಂಗನ್ನೂ ಮರೆತರೂ ಇದೊಂದನ್ನ ಮರೀಬೇಡಿ. ಇಪ್ಪತ್ತು ಸಾವಿರದ ರೆಕಾರ್ಡರನ್ನ ಕಿಟಕಿ ಮೇಲಿಟ್ಟರೆ ಬರೋದು ಗೌವ್ ಅನ್ನೋ ಸದ್ದು. ಅಗ್ಗದ್ದನ್ನೇ ಬಾಯಿಂದ ಒಂದು ಮೊಳ ದೂರದಲ್ಲಿಟ್ಟರೆ ಅಕ್ಷರ ಅಕ್ಷರ ಕೇಳುತ್ತೆ.

ಕಾರಣ ಇಷ್ಟು. ಮೈಕನ್ನ ಬಾಯಿಂದ ಎರಡರಷ್ಟು ದೂರ ಸರಿಸಿದಾಗೆಲ್ಲ ನೇರ ಬರೋ ದನಿ 6 ಡೆಸಿಬಲ್ (ದನಿಯ ಜೋರು ಅಳೆಯೋ ಲೆಕ್ಕ) ಇಳಿಯುತ್ತೆ. ಆದರೆ ಗೋಡೆಗೆ ಬಡಿದು ಬರೋ ಮಾರ್ದನಿ ಹಾಗೆ ಇಳಿಯಲ್ಲ, ಕೋಣೆ ತುಂಬ ಒಂದೇ ಸಮ ಇರುತ್ತೆ. ನಮ್ಮ ತಾಲೀಮು ನಡೆಯೋದೆಲ್ಲಿ? ದೇವಸ್ಥಾನದ ಕಲ್ಲು ಹಜಾರ, ಶಾಲೆ ಕೊಠಡಿ, ಇಲ್ಲ ಸಮುದಾಯ ಭವನದ ಆರ್‌ಸಿಸಿ ಹಾಲು. ಮೂರೂ ಮಾರ್ದನಿಯ ತವರು. ಹಂಗಾಗಿ ದೂರ ಇಟ್ಟಷ್ಟೂ ನಮಗೆ ಸಿಗೋದು ಹಾಡುಗಾರನ ದನಿಯಲ್ಲ, ಹಾಲ್‌ನ ಮಾರ್ದನಿ. ಆಯ್ಕೆ ಇದ್ದರೆ ಹೆಂಚಿನ ಮನೆ ಪಡಸಾಲೆ ಆರಿಸಿ. ರಾಗಿ ಚೀಲ ಜೋಡಿಸಿಟ್ಟ ಕೋಣೆ ಸಿಕ್ಕಿತೋ ಬಿಡಲೇಬೇಡಿ, ಸ್ಟುಡಿಯೋದೋರು ದುಡ್ಡು ಕೊಟ್ಟು ಮಾಡಿಸೋದು ಅದನ್ನೇ. ಹಾಲೇ ಗತಿ ಅಂದರೆ ನೆಲಕ್ಕೆ ಜಮಖಾನ ಹಾಸಿ, ಹಾಡೋನ ಬೆನ್ನಿಗೆ ಒಂದೆರಡು ಕಂಬಳಿ ತೂಗುಹಾಕಿ, ಗೋಡೆ ಮಗ್ಗುಲಿಂದ ಈಚೆಗೆ ಬಂದು ಕೂರಿ.

ಇನ್ನು ರೆಕಾರ್ಡರ್ ಎಲ್ಲಿ? ಹಾರ್ಮೋನಿಯಂ ಪೆಟ್ಟಿಗೆ ಮೇಲೆ ಇಡೋದು ಎಲ್ಲರ ಅಭ್ಯಾಸ, ಕಣ್ಣೆದುರಿಗೆ ಇರುತ್ತೆ ಅಂತ. ಅಲ್ಲಿಟ್ಟರೆ ತಿದಿ ಉಸಿರಾಡೋದು, ಮನೆ ಒತ್ತಿದಾಗ ಅಡಿಗೆ ಟಕ ಟಕ ಬಡಿಯೋದು, ಕಾಲು ಪೆಟ್ಟಿಗೆ ಆದರೆ ಪೆಡಲ್ ಕಿರುಗುಟ್ಟೋದು, ಎಲ್ಲ ಮರದಲ್ಲಿ ಹಾದು ನೇರ ಮೈಕಿಗೆ. ಹಾಡು ಎಲ್ಲೋ ಪಕ್ಕದ ಮನೇಲಿ ಕೇಳಿದಂಗಿರುತ್ತೆ. ಬೇರೆ ಸ್ಟೂಲ್ ತಗೊಳ್ಳಿ. ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಟವೆಲ್, ಟವೆಲ್ ಮೇಲೆ ರೆಕಾರ್ಡರ್, ಮೈಕಿನ ಮೂತಿ ಹಾಡೋನ ಕಡೆ. ಟವೆಲ್ ಇಲ್ಲದಿದ್ದರೆ ಯಾರೋ ಸ್ಟೂಲಿನ ಮೇಲೆ ಬೆರಳಲ್ಲಿ ತಾಳ ಹಾಕಿದ್ದು ಗುದ್ದಿದಂಗೆ ಬರುತ್ತೆ. ನಮ್ಮೋರಿಗೆ ಎಲ್ಲಿ ಕೂತರೂ ತಾಳ ಹಾಕದೆ ಇರೋಕಾಗಲ್ಲ.

ಹಾಡೋನಿಗೂ ಮೈಕಿಗೂ ಒಂದು ಮೊಳ. ಹಾರ್ಮೋನಿಯಂ ಮೂರು ನಾಲ್ಕು ಮೊಳ ಆಚೆ, ತಬಲಾ ಅದಕ್ಕಿಂತ ಹಿಂದೆ. ಯಾವುದು ಜೋರು ಕೇಳ್ತಿದೆಯೋ ಅದನ್ನ ಹಿಂದಕ್ಕೆ ಸರಿಸೋದೇ ನಮ್ಮ ಮಿಕ್ಸಿಂಗು. ಮೈಕು ಬಾಯಿಗೆ ನೇರ ಬೇಡ. ಕೆನ್ನೆ ಕಡೆಯಿಂದ ಕೊಂಚ ಓರೆಗಿರಲಿ. ನಮ್ಮ ನಾಟಕಗಳಲ್ಲಿ ಬರೋ ಹೆಸರುಗಳೇ ಫಲ್ಗುಣ, ಭೀಮ, ಪಾಂಚಾಲಿ, ಪಿತಾಮಹ. ಈ ಪ, ಫ, ಭ ಹೇಳೋವಾಗ ಬಾಯಿಂದ ಗಾಳಿ ಹೊಡೆಯುತ್ತೆ. ಅಂಗೈಯನ್ನ ಬಾಯಿ ಮುಂದಿಟ್ಟು ‘ಫಲ್ಗುಣ’ ಅಂದು ನೋಡಿ, ಗೊತ್ತಾಗುತ್ತೆ. ಆ ಗಾಳಿ ಮೈಕಿಗೆ ನೇರ ಬಿದ್ದರೆ ಡಬ್ ಅನ್ನುತ್ತೆ. ಓರೆಗಿಟ್ಟರೆ ಗಾಳಿ ಪಕ್ಕಕ್ಕೆ ಹೋಗುತ್ತೆ, ದನಿ ಮಾತ್ರ ಬರುತ್ತೆ.

ರೆಕಾರ್ಡ್ ಆಗ್ತಿರೋವಾಗ ಕೈಯಲ್ಲಿ ಹಿಡೀಬೇಡಿ. ಬೆರಳು ಸರಿದದ್ದೂ ಕೇಳುತ್ತೆ. ಪಕ್ಕದಲ್ಲಿ ಫೋನ್ ಇಡಬೇಡಿ, ಅದರಲ್ಲೂ ಹಳೇ ಕೀಪ್ಯಾಡ್ ಫೋನ್. ಕರೆ ಬರೋ ಮುಂಚೆ ಟಿಟಿಟಿಟ್ ಟಿಟಿಟಿಟ್ ಅಂತ ಬರುತ್ತಲ್ಲ, ಅದು ಹಾಡಿನಲ್ಲಿ ಕೂತುಬಿಡುತ್ತೆ. ಫ್ಯಾನ್ ನಿಲ್ಲಿಸಿ. ಬೈದುಕೊಳ್ತಾರೆ, ಬೈದುಕೊಳ್ಳಲಿ.

ದನಿ ಎಷ್ಟು ಬಿಡಬೇಕು

ರೆಕಾರ್ಡರ್ ಮುಖದ ಮೇಲೆ ಮೀಟರ್ ಓಡ್ತಿರುತ್ತೆ. ಬಲಗಡೆ ಕೊನೆ ಸೊನ್ನೆ ಡೆಸಿಬಲ್. ದನಿ ಅಲ್ಲಿಗೆ ತಗುಲಿದರೆ ಅದಕ್ಕಿಂತ ಮೇಲೆ ಹಿಡಿಯೋಕೆ ಜಾಗವಿಲ್ಲ, ಅಲೆಯ ತಲೆ ಚಪ್ಪಟೆಯಾಗಿ ಕೊರ್ ಅಂತ ಒಡೆದು ಕೇಳುತ್ತೆ. ಆಮೇಲೆ ಕಂಪ್ಯೂಟರ್‌ನಲ್ಲಿ ವಾಲ್ಯೂಮ್ ಇಳಿಸಿದರೆ ಒಡೆದದ್ದೇ ಸಣ್ಣಗೆ ಕೇಳುತ್ತೆ, ಸರಿ ಹೋಗಲ್ಲ. ಕಡಿಮೆ ಬಂದದ್ದನ್ನ ಆಮೇಲೆ ಏರಿಸಬಹುದು. ಅದಕ್ಕೆ ಸಾಮಾನ್ಯ ಹಾಡು ಮೈನಸ್ 12ರ ಆಸುಪಾಸು ಆಡಲಿ, ಎಷ್ಟೇ ಕೂಗಿದರೂ ಮೈನಸ್ 6 ದಾಟದಿರಲಿ.

ಇದನ್ನ ನೋಡೋಕೆ ‘ಹಲೋ ಹಲೋ ಮೈಕ್ ಟೆಸ್ಟಿಂಗ್’ ಅನ್ನಿಸಬೇಡಿ. ಆ ದನೀಲಿ ಯಾರೂ ನಾಟಕ ಆಡಲ್ಲ. ದುರ್ಯೋಧನನ ಕೈಲಿ ತುಂಬಿದ ಸಭೆಯ ಗರ್ಜನೆಯನ್ನೇ ಮಾಡಿಸಿ, ಸೀಸ ಪದ್ಯದ ಮೇಲಿನ ಷಡ್ಜ (ಮೇಲಿನ ‘ಸ’) ಮುಟ್ಟಿಸಿ, ಅದಕ್ಕೆ ಲೆವೆಲ್ ಇಟ್ಟು ಬಿಟ್ಟುಬಿಡಿ. ಆಮೇಲೆ ನಡುವೆ ಕೈ ಹಾಕಬೇಡಿ.

ಆಟೋ ಲೆವೆಲ್ ಅನ್ನೋದೊಂದು ಎಲ್ಲದರಲ್ಲೂ ಇರುತ್ತೆ. ಮೀಟಿಂಗಿಗೆ, ಪತ್ರಿಕೆಯವರ ಸಂದರ್ಶನಕ್ಕೆ ಅದೇ ಸರಿ. ಹಾಡಿಗೆ ಬೇಡ. ಹಾಡೋನು ಉಸಿರು ತಗೊಳ್ಳೋಕೆ ನಿಲ್ಲಿಸಿದ ಅಂದುಕೊಳ್ಳಿ, ‘ಅಯ್ಯೋ ದನಿ ಕಡಿಮೆ ಆಯ್ತು’ ಅಂತ ಯಂತ್ರ ತಾನೇ ಏರಿಸುತ್ತೆ. ಆಗ ಹಿಂದಿನ ಶ್ರುತಿ ಉಬ್ಬಿಕೊಂಡು ಬರುತ್ತೆ, ಹೊರಗಿನ ಜೀರುಂಡೆ, ದೂರದ ನಾಯಿ, ಗುಬ್ಬಿ ಸ್ಟೇಷನ್ ದಾಟೋ ರೈಲು ಎಲ್ಲ ಒಳಗೆ ಬರ್ತವೆ. ಮತ್ತೆ ಹಾಡು ಎತ್ತಿದಾಗ ಅಷ್ಟನ್ನೂ ಅದುಮುತ್ತೆ. ಪಿಸುಮಾತೂ ಗರ್ಜನೆಯೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತೆ. ನಾಟಕ ಕಲಿಯೋನಿಗೆ ಬೇಕಾಗಿರೋದೇ ಆ ಏರಿಳಿತ. ಲೆವೆಲ್ ಕೈಯಲ್ಲಿ ಇಡೋ ಅನುಕೂಲ ಇಲ್ಲದ ಸಣ್ಣ ರೆಕಾರ್ಡರ್ ಆದರೆ ಮೈಕ್ ಸೆನ್ಸಿಟಿವಿಟಿ ಅಂತ ಮೆನುವಿನಲ್ಲಿ ಹೈ, ಮೀಡಿಯಂ, ಲೋ ಇರುತ್ತೆ. ಲೋ ಇಟ್ಟು ಹತ್ತಿರ ಕೂರಿಸಿ, ತಕ್ಕಮಟ್ಟಿಗೆ ಹತೋಟಿಗೆ ಬರುತ್ತೆ.

ಲೋ ಕಟ್ ಅನ್ನೋದು ಫ್ಯಾನು, ಗಾಳಿ, ಜನರೇಟರಿನ ಗುಡುಗುಡು ಕತ್ತರಿಸೋಕೆ. ಬರೀ ಮಾತು, ಬರೀ ಹಾಡು ಇದ್ದಾಗ ಹಾಕಿ. ತಬಲಾ ಇದ್ದರೆ ತೆಗೀರಿ, ಇಲ್ಲದಿದ್ದರೆ ಡಗ್ಗದ (ತಬಲಾ ಜೋಡಿಯ ದೊಡ್ಡದರ) ದನಿಯ ಬುಡವೇ ಹೋಗುತ್ತೆ.

ಒಬ್ಬನಿಗೆ ಒಂದು ಹಾಡು

ರೆಕಾರ್ಡರ್ ತಂದೋರು ಮೊದಲು ಮಾಡೋದು ಏನು ಅಂದ್ರೆ, ತಾಲೀಮು ಶುರುವಾದಾಗ ಒತ್ತಿ, ಮುಗಿದಾಗ ನಿಲ್ಲಿಸೋದು. ಮೂರು ಗಂಟೆಯ ಒಂದು ಫೈಲು. ಅದನ್ನ ಯಾರೂ ಕೇಳಲ್ಲ. ವಿದುರನ ಪಾರ್ಟಿನೋನು ತನ್ನ ಎರಡು ಪದ್ಯಕ್ಕೋಸ್ಕರ ಎಲ್ಲಿ ಅಂತ ಹುಡುಕ್ತಾ ಕೂರ್ತಾನೆ? ಕೇಳೋನು ಒಬ್ಬನೇ, ಗದ್ದೆ ಬದುವಲ್ಲೋ ಪಂಪ್‌ಹೌಸ್ ಹತ್ತಿರವೋ ಇರ್ತಾನೆ, ಅವನ ಒಂದು ಕಿವಿಗೆ ಅಂತಲೇ ಮಾಡಬೇಕು. ಒಂದು ಹಾಡಿಗೆ ಒಂದು ಫೈಲು.

ನಾನು ಮಾಡೋ ಕ್ರಮ ಹೇಳ್ತೀನಿ. ಗುಂಡಿ ಒತ್ತಿ, ಒಂದೆರಡು ಉಸಿರಿನಷ್ಟು ಸುಮ್ಮನಿದ್ದು, ಬಾಯಲ್ಲೇ ಹೇಳ್ತೀನಿ: ‘ಕರ್ಣನ ಪಾರ್ಟು, ಕುಂತಿ ಬರೋ ಸೀನು, ಎರಡನೇ ಹಾಡು, ರಾಗ ಸಿಂಧುಭೈರವಿ, ಶ್ರುತಿ ಕಪ್ಪು ಒಂದು.’ ಕಪ್ಪು ಒಂದು ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯೇ ‘ಸ’ ಅಂತ. ಫೈಲಿನ ಹೆಸರು ಕೆಡಬಹುದು, ಕಾಪಿ ಮಾಡೋವಾಗ ಬದಲಾಗಬಹುದು. ಒಳಗಿನ ಮಾತು ಎಲ್ಲಿಗೆ ಹೋದರೂ ಜೊತೇಲೇ ಇರುತ್ತೆ. ಆಮೇಲೆ ಬರೀ ಶ್ರುತಿ, ಕೇಳೋನು ತನ್ನ ಷಡ್ಜ ಕೂರಿಸಿಕೊಳ್ಳೋಷ್ಟು ಹೊತ್ತು. ಶ್ರುತಿ ಅವನದ್ದಾಗಿರಬೇಕು, ನನ್ನದಲ್ಲ. ಮೇಷ್ಟ್ರು ತನ್ನ ಅನುಕೂಲಕ್ಕೆ ಬಿಳಿ ನಾಲ್ಕರಲ್ಲಿ ಹಾಡಿ ಕೊಟ್ಟರೆ, ಕಪ್ಪು ಒಂದರೋನು ಮನೇಲಿ ಅದರ ಜೊತೆ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡು ಬರ್ತಾನೆ.

ಮೊದಲು ಒಂದೊಂದೇ ಸಾಲು, ನಿಧಾನಕ್ಕೆ, ಸಂಗತಿ (ಸಾಲನ್ನ ಬೇರೆ ಬೇರೆ ಥರ ತಿರುಗಿಸಿ ಹಾಡೋದು) ಕಮ್ಮಿ ಇಟ್ಟು. ಒಂದು ಸಾಲು ಹಾಡಿದ ಮೇಲೆ ಅಷ್ಟೇ ಹೊತ್ತು ಬರೀ ಶ್ರುತಿ, ತಾಳ ಬಿಡ್ತೀನಿ. ಆ ಬಿಡುವು ಕೇಳೋನು ಹಾಡೋಕೆ. ಈ ಬಿಡುವೇ ಇಲ್ಲಿ ಮುಖ್ಯ. ಇದಿಲ್ಲದಿದ್ದರೆ ಅವನು ರೇಡಿಯೋ ಕೇಳಿದಂಗೆ ತಲೆದೂಗಿ ಸುಮ್ಮನಾಗ್ತಾನೆ, ಬಾಯಿ ತೆಗೆಯಲ್ಲ. ಎಲ್ಲ ಸಾಲೂ ಆದ ಮೇಲೆ ನಿಲ್ಲಿಸದೆ ಪೂರ್ತಿ ಹಾಡು, ನಾಟಕದಲ್ಲಿ ಬರೋ ವೇಗದಲ್ಲೇ. ಕೊನೇ ಸ್ವರ ಪೂರ್ತಿ ಆರೋವರೆಗೂ ತಡೆದು ನಿಲ್ಲಿಸಿ. ಅವಸರದಲ್ಲಿ ಒತ್ತಿದರೆ ಮುಕ್ತಾಯ ಕಡಿದುಹೋಗುತ್ತೆ.

ಮಾತಿಗೂ ಇದೇ ಉಪಾಯ ನಡೆಯುತ್ತೆ. ನಮ್ಮ ನಟರಿಗೆ ತಮ್ಮ ಮಾತು ಬಾಯಿಪಾಠ ಇರುತ್ತೆ, ಯಾವಾಗ ಎತ್ತಬೇಕು ಅನ್ನೋದೇ ತಪ್ಪೋದು. ಎದುರು ಪಾತ್ರದ ಕೊನೇ ಸಾಲನ್ನ ಮಾತ್ರ ರೆಕಾರ್ಡ್ ಮಾಡಿ, ಇವನ ಮಾತು ಹಿಡಿಸೋಷ್ಟು ಜಾಗ ಖಾಲಿ ಬಿಡಿ, ಮತ್ತೆ ಎದುರು ಪಾತ್ರದ ಮುಂದಿನ ಸಾಲು. ಶಕುನಿಗೆ ಒಂದು, ದುರ್ಯೋಧನನಿಗೆ ಒಂದು, ಹೀಗೆ. ಇಯರ್‌ಫೋನಿನಲ್ಲಿ ದುರ್ಯೋಧನ ಕೇಳ್ತಾನೆ, ಶಕುನಿ ಹಾಲಿನ ಕ್ಯಾನ್ ಎತ್ತಿಡ್ತಾ ಉತ್ತರ ಕೊಡ್ತಾನೆ. ಡೈರಿಗೆ ಬಂದೋರು ‘ಸೆಕ್ರೆಟರಿಗೆ ಏನಾಯ್ತು’ ಅನ್ನಬಹುದು, ಪರವಾಗಿಲ್ಲ.

ಒಂದು ವಾರ ಕಳೆದ ಮೇಲೆ ನಟನ ದನಿಯನ್ನೇ ರೆಕಾರ್ಡ್ ಮಾಡಿ ಅವನಿಗೆ ಕೇಳಿಸಿ. ‘ನಿಷಾದ ಇಳೀತಿದೆ’ ಅಂತ ನಾನು ನೂರು ಸಲ ಅಂದರೂ ಒಪ್ಪದೋನು, ತನ್ನ ಕಿವೀಲೇ ಕೇಳಿದಾಗ ಮುಖ ಹುಳ್ಳಗೆ ಮಾಡ್ಕೊಂಡು ‘ಇನ್ನೊಂದ್ಸಲ ಹೇಳಿಕೊಡಿ ಮೇಷ್ಟ್ರೇ’ ಅಂತಾನೆ. ಆದರೆ ಇದನ್ನ ಇಯರ್‌ಫೋನಿನಲ್ಲೇ ಕೇಳಿಸಿ, ಅವನೊಬ್ಬನಿಗೇ. ಭೀಷ್ಮನ ಪಾರ್ಟು ಊರ ಯಜಮಾನರದ್ದು. ಹತ್ತು ಜನರೆದುರು ಸ್ಪೀಕರ್‌ನಲ್ಲಿ ಅವರ ಅಪಸ್ವರ ಹಾಕಿದರೆ ನಾಳೆಯಿಂದ ಭೀಷ್ಮರೂ ಇಲ್ಲ, ನಾಟಕದ ಚಂದಾನೂ ಇಲ್ಲ.

ಒತ್ತೋ ಮುಂಚೆ ಎಲ್ಲರಿಗೂ ಕೇಳೋ ಹಾಗೆ ‘ರೆಕಾರ್ಡ್ ಹಾಕ್ತಿದ್ದೀನಿ’ ಅಂತ ಹೇಳೋದು ಮರ್ಯಾದೆ. ಟೀ ಬಂದ ತಕ್ಷಣ ನಿಲ್ಲಿಸೋದು ಅದಕ್ಕಿಂತ ದೊಡ್ಡ ಮರ್ಯಾದೆ. ಟೀ ಹೊತ್ತಿನ ಪಂಚಾಯ್ತಿ ಮಾತುಗಳು ಯಾರ ಫೈಲಿನಲ್ಲೂ ಇರಬಾರದು.

ಕೇಳಿ ಕಲಿಯೋದು

ಹಾಕಿ ಕೇಳೋ ಕಡೆಯೂ ಇದರಲ್ಲಿ ಎರಡು ಒಳ್ಳೇ ಗುಂಡಿ ಇವೆ, ಮ್ಯಾನುವಲ್ ಓದದೋರಿಗೆ ಗೊತ್ತೇ ಇರಲ್ಲ. ಎ-ಬಿ ರಿಪೀಟ್ ಅಂತ ಒಂದು. ಕಷ್ಟದ ಸಾಲು ಶುರುವಾಗೋವಾಗ ಒಮ್ಮೆ ಒತ್ತಿ, ಮುಗಿಯೋವಾಗ ಇನ್ನೊಮ್ಮೆ. ಅಷ್ಟು ತುಂಡೇ ಸಾಕು ಅನ್ನೋವರೆಗೂ ಮತ್ತೆ ಮತ್ತೆ ತಿರುಗುತ್ತೆ. ಕ್ಯಾಸೆಟ್ ಕಾಲದಲ್ಲಿ ಇದಕ್ಕೆ ರಿವೈಂಡ್ ಒತ್ತಿ ಒತ್ತಿ ಟೇಪೇ ಸಿಕ್ಕಿಕೊಳ್ತಿತ್ತು. ಸಿ-60ಗೆ ಮಗ್ಗುಲಿಗೆ 30 ನಿಮಿಷ, ಸಿ-90ಗೆ 45. ಆಲಾಪದ ನಡುವೆ ಟಕ್ ಅಂತ ಗುಂಡಿ ಎದ್ದು ನಿಲ್ಲೋದು ಬೇರೆ.

ಇನ್ನೊಂದು, ವೇಗ ಇಳಿಸೋದು. ಸೋನಿಯಲ್ಲಿ ಡಿಪಿಸಿ ಅಂತ ಇರುತ್ತೆ. ಟೇಪಿನಲ್ಲಿ ವೇಗ ಇಳಿದರೆ ಶ್ರುತಿಯೂ ಇಳೀತಿತ್ತು, ಇಲ್ಲಿ ಶ್ರುತಿ ಅಲ್ಲೇ ನಿಂತು ವೇಗ ಮಾತ್ರ ಇಳಿಯುತ್ತೆ. ಬಿರ್ಕಾ (ವೇಗವಾಗಿ ಉರುಳೋ ಸ್ವರಗಳು) ಬಿಡಿಸಿ ಕೇಳೋಕೆ ಬಹಳ ಅನುಕೂಲ. ಮುಕ್ಕಾಲು ವೇಗಕ್ಕಿಂತ ಕೆಳಗೆ ಹೋಗಬೇಡಿ, ಸ್ವರ ಹರಿದು ತುಂಡಾದಂಗೆ ಕೇಳುತ್ತೆ.

ಆಡೋ ರಾತ್ರಿ

ನಾಟಕದ ರಾತ್ರಿ ನನಗೆ ರೆಕಾರ್ಡರ್ ಕಡೆ ನೋಡೋಕೂ ಆಗಲ್ಲ, ಅದನ್ನ ಒಬ್ಬ ಹುಡುಗನಿಗೆ ವಹಿಸಿಬಿಡಿ. ಮೈಕ್‌ಸೆಟ್‌ನೋರ ಮಿಕ್ಸರ್‌ನಿಂದ ರೆಕ್ ಔಟ್ (ರೆಕಾರ್ಡಿಂಗಿಗೆ ಅಂತ ದನಿ ಹೊರಗೆ ಕೊಡೋ ತೂತು) ವೈರು ತಗೊಂಡರೆ ಮಾತು ಸ್ವಚ್ಛ ಬರುತ್ತೆ. ಆದರೆ ಹೀಗೆ ವೈರಿನಲ್ಲಿ ಬರೋ ಲೈನ್ ದನಿ ಮೈಕಿನ ದನಿಗಿಂತ ಬಹಳ ಜೋರು. ರೆಕಾರ್ಡರ್‌ನಲ್ಲಿ ಇನ್‌ಪುಟ್ಟನ್ನು ‘ಲೈನ್’ ಮಾಡೋಕೆ ಬಂದರೆ ಮಾಡಿ. ಬರೀ ಮೈಕ್ ಜಾಕ್ ಇದ್ದರೆ ದನಿ ಇಳಿಸೋ ಅಟೆನ್ಯುಯೇಟರ್ ಕೇಬಲ್ ಬೇಕು, ನೇರ ಚುಚ್ಚಿದರೆ ಇಡೀ ರಾತ್ರಿ ಒಡೆದ ದನಿ. ಇನ್ನೊಂದು ತಕರಾರು, ಮಿಕ್ಸರ್‌ನಲ್ಲಿ ಮೈಕಿಗೆ ಬಿದ್ದದ್ದು ಮಾತ್ರ ಇರುತ್ತೆ. ‘ಒನ್ಸ್ ಮೋರ್’ ಕೂಗು, ಶಿಳ್ಳೆ ಯಾವುದೂ ಬರಲ್ಲ.

ನನಗೆ ಆ ಶಿಳ್ಳೆಯೂ ಬೇಕು. ಅದಕ್ಕೆ ಸ್ಟೇಜಿನ ಮುಂದೆ ಹತ್ತು ಹದಿನೈದು ಅಡಿ ದೂರದಲ್ಲಿ ಗಳು ನೆಡಿಸಿ, ಜನರ ತಲೆಗಿಂತ ಮೇಲೆ ರೆಕಾರ್ಡರ್ ಕಟ್ಟಿಸ್ತೀನಿ. ಸ್ಪೀಕರ್ ಬಾಕ್ಸುಗಳ ನೇರ ಬಾಯಿಗೆ ಬೀಳದಂಗೆ ನಡುವೆ ಇರಲಿ, ಜನರೇಟರ್ ಬೆನ್ನ ಹಿಂದಾಗಲಿ. ಬಯಲಲ್ಲಿ ಮಾಘ ಮಾಸದ ಗಾಳಿ ಜೋರು, ಮೈಕಿಗೆ ಸ್ಪಂಜಿನ ಟೋಪಿ ಹಾಕದಿದ್ದರೆ ಬರೀ ಬುಸುಬುಸು. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ಒಳಗಿನ ರಂಗಮಂದಿರದಲ್ಲಿ ಆಡಿದರೆ ಗಾಳಿ, ಜನರೇಟರ್ ಎರಡರ ಗೋಳೂ ಇಲ್ಲ, ಮುಂದಿನ ಸಾಲುಗಳಲ್ಲಿ ನಡುಮಧ್ಯಕ್ಕೆ ಒಂದು ಸ್ಟ್ಯಾಂಡ್ ಸಾಕು.

ಜಾಗದ ಲೆಕ್ಕ ಮೊದಲೇ ಹಾಕಿ. ರಾತ್ರಿಯಿಡೀ ಎಂಟು ಗಂಟೆ ಅಂದರೆ ವೇವ್‌ನಲ್ಲಿ 5 ಜಿಬಿ ದಾಟುತ್ತೆ, ಬರೀ 4 ಜಿಬಿ ಇರೋದರಲ್ಲಿ ಬೆಳಗಿನ ಯುದ್ಧದ ಸೀನೇ ಇರಲ್ಲ. 192ರ ಎಂಪಿ3 ಆದರೆ 700 ಎಂಬಿ ಒಳಗೆ ಮುಗಿಯುತ್ತೆ. ವೇವ್ ಫೈಲು 2 ಅಥವಾ 4 ಜಿಬಿಗೆ ತಾನೇ ಮುರಿದು ಹೊಸ ಫೈಲಾಗುತ್ತೆ, ಗಾಬರಿ ಬೇಡ. ಕತ್ತಲಾಗೋವಾಗ ಹೊಸ ಸೆಲ್ ಹಾಕಿ, ನಡುರಾತ್ರಿ ಪರದೆ ಬಿದ್ದಾಗ ಸ್ಟಾಪ್ ಒತ್ತಿ, ಫೈಲು ಸೇವ್ ಆದ ಮೇಲೆ ಸೆಲ್ ಬದಲಾಯಿಸಿ. ಸ್ಟಾಪ್ ಒತ್ತದೆ ಸೆಲ್ ಕಿತ್ತರೆ ಅಷ್ಟು ಹೊತ್ತಿನದ್ದು ಪೂರ್ತಿ ಹೋಗಬಹುದು. ಹೋಲ್ಡ್ ಸ್ವಿಚ್ ಹಾಕಿಬಿಟ್ಟರೆ ಯಾರ ಕೈ ತಗುಲಿದರೂ ನಿಲ್ಲಲ್ಲ.

ಆಮೇಲೆ

ಮರುದಿನ ನಿದ್ದೆ ಆದ ಮೇಲೆ ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ಹಾಡು ಕತ್ತರಿಸೋಕೆ ಆಡಾಸಿಟಿ ಅಂತ ಬಿಟ್ಟಿ ಸಾಫ್ಟ್‌ವೇರ್ ಇದೆ, ಅದರಲ್ಲಿ ಬೇಕಾದಷ್ಟು ಭಾಗ ಆರಿಸಿ ಎಂಪಿ3 ಮಾಡೋದು ನಮ್ಮೂರ ಪಿಯುಸಿ ಹುಡುಗರು ಒಂದು ಸಂಜೆಯಲ್ಲಿ ಕಲಿತಿದ್ದಾರೆ. ಹೆಸರನ್ನ ಆಗಲೇ ಇಡಿ: ಪಾತ್ರ, ಸೀನು, ಹಾಡು. ‘ಹೊಸದು’, ‘ಹೊಸದು ಫೈನಲ್’ ಅಂತ ಬೇಡ.

ದ್ರೌಪದಿ, ಕುಂತಿಯ ಪಾರ್ಟಿಗೆ ಬರೋ ಕಲಾವಿದೆಯರು ಕೊನೇ ತಾಲೀಮಿಗೆ ಮಾತ್ರ ಬರೋದು ಜಾಸ್ತಿ. ಅವರ ಹಾಡು ವಾರ ಮುಂಚೆಯೇ ವಾಟ್ಸಾಪ್‌ನಲ್ಲಿ ಹೋಗಲಿ. ಮೈಕಿನ ಗುರುತು ಒತ್ತಿ ಸ್ಪೀಕರ್ ಮುಂದೆ ಹಿಡಿದು ವಾಯ್ಸ್ ಮೆಸೇಜ್ ಮಾಡಬೇಡಿ, ಅದು ದನಿಯನ್ನ ಹಿಂಡಿ ಸಣ್ಣ ಮಾಡುತ್ತೆ. ಡಾಕ್ಯುಮೆಂಟ್ ಅಂತ ಆರಿಸಿ ಫೈಲನ್ನೇ ಕಳಿಸಿ, ಇದ್ದದ್ದು ಇದ್ದಂಗೆ ಹೋಗುತ್ತೆ. ಜೊತೆಗೆ ಅವರ ಶ್ರುತಿ ಯಾವುದು ಅಂತ ಮೊದಲೇ ಕೇಳಿ. ಅವರ ದನಿಗೆ ಕರ್ಣನ ಕಪ್ಪು ಒಂದು ಕೊಟ್ಟು ಏನು ಪ್ರಯೋಜನ?

ಕಾರ್ಡ್ ಅಳಿಸೋ ಮುಂಚೆ ಎರಡು ಕಡೆ ಕಾಪಿ ಇರಬೇಕು, ಎರಡನ್ನೂ ಶುರು, ನಡು, ಕೊನೆ ಹಾಕಿ ಕೇಳಿರಬೇಕು. ಫೈಲು ಕಾಣ್ತಿದೆ ಅಂದ ಮಾತ್ರಕ್ಕೆ ಒಳಗೆ ಹಾಡಿದೆ ಅಂತಲ್ಲ. ಅಳಿಸೋದನ್ನ ರೆಕಾರ್ಡರ್‌ನ ಮೆನುವಿನಲ್ಲೇ ಫಾರ್ಮ್ಯಾಟ್ ಅಂತ ಮಾಡಿ, ಕಂಪ್ಯೂಟರ್‌ನಲ್ಲಿ ಬೇಡ. ಯುಎಸ್‌ಬಿಯಿಂದ ಕೀಳೋವಾಗ ಇಜೆಕ್ಟ್ ಒತ್ತಿ ಕೀಳಿ. ಮಳೆ ಬಿದ್ದು ಆರಂಬ ಶುರುವಾದ ಮೇಲೆ ಮುಂದಿನ ಸಂಕ್ರಾಂತಿವರೆಗೂ ಅದರ ಕೆಲಸ ಇಲ್ಲ. ಸೆಲ್ ಹೊರಗೆ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗಿಗೆ ಹಸಿರು ಕಟ್ಟುತ್ತೆ. ಒಳಗೇ ಕೂತಿರೋ ಚಾರ್ಜಿಂಗ್ ಬ್ಯಾಟರಿಯದ್ದಾದರೆ ಅರ್ಧ ಚಾರ್ಜ್ ಮಾಡಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ನೋಡ್ತಿರಿ.